ಇಪ್ಪತ್ತೆರಡು ನಿಮಿಷ

"ಗಡಿಯಾರ," ಎಂದ ಚಾಂಪಿಯನ್.

ಎದುರಿಗಿದ್ದ ಬಸ್ ಡ್ರೈವರ್ ಕುದುರೆಯನ್ನು ಎತ್ತಿ ಕುಕ್ಕಿ, ಚೆಕ್ ಕೊಟ್ಟ ಖುಷಿಯಲ್ಲಿ ಎರಡೂ ಅಂಗೈ ಉಜ್ಜಿಕೊಳ್ಳುತ್ತ ಕೂತಿದ್ದ. ಗಡಿಯಾರದ ಗುಂಡಿ ಒತ್ತುವುದು ಅವನಿಗೆ ಮರೆತೇಹೋಗಿತ್ತು. ಅವನ ಕಡೆಯ ಅಂಕಿ ಹನ್ನೊಂದು, ಹತ್ತು, ಒಂಬತ್ತು ಎಂದು ಇಳಿಯುತ್ತಿತ್ತು. "ಅಯ್ಯೋ" ಎಂದು ಪಟ್ಟನೆ ಒತ್ತಿದ. ಒತ್ತಿಯೂ ಪ್ರಯೋಜನವಾಗಲಿಲ್ಲ. ಇನ್ನು ನಾಲ್ಕು ನಡೆಯೊಳಗೆ ಅವನ ರಾಜ ಮೂಲೆ ಸೇರಿ ಆಟ ಮುಗಿಯಿತು.

"ನೀವು ಸುಮ್ನೆ ಕೂತಿದ್ರೆ ಆಗ್ಲೇ ಗೆದ್ದುಬಿಡ್ತಿದ್ರಲ್ಲ ಅಣ್ಣ," ಎಂದ ಡ್ರೈವರ್.

"ಹಾಗೆ ಗೆಲ್ಲೋದು ಆಟ ಅಲ್ಲ ಕಣಯ್ಯ. ಜೇಬಿಗೆ ಕೈ ಹಾಕೋದು."

ಇದು ಆ ಕೋಣೆಯ ಕಾನೂನು. ಕನ್ನಡಕದಂಗಡಿಯ ಹಿಂದಿನ ಕೋಣೆ ಅದು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳು, ಅದರೆದುರು ಎತ್ತರದ ಕುರ್ಚಿ, ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ, ನಡುವೆ ಒಂದು ಮೇಜು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಷಟರ್ ಅರ್ಧ ಇಳಿಸಿ, ಒಬ್ಬೊಬ್ಬರಿಗೆ ಮೂರು ಮೂರು ನಿಮಿಷದ ಆಟ. ನಡೆ ನಡೆಸಿ ಗುಂಡಿ ಒತ್ತಿದರೆ ತನ್ನ ಸಮಯ ನಿಂತು ಎದುರಿನವನದು ಓಡುತ್ತದೆ, ಸಮಯ ಮುಗಿದವನು ಸೋತ. ಮೂರು ನಿಮಿಷದಲ್ಲಿ ಬುದ್ಧಿಗಿಂತ ಕೈಯೇ ಜಾಸ್ತಿ ಓಡುತ್ತದೆ. ಕಾಯಿಗಳು ಬೀಳುತ್ತವೆ, ಬೈಗುಳ ಬೀಳುತ್ತವೆ, ಮುಟ್ಟಿದ ಕಾಯಿಯನ್ನು ಮುಟ್ಟಲಿಲ್ಲ ಎಂದು ಆಣೆ ಇಟ್ಟು ವಾದಿಸುವುದೂ ಉಂಟು. ಎಲ್ಲದಕ್ಕೂ ಅಲ್ಲಿ ಮಾಫಿ ಇತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಎದುರಿನವನು ನಡೆ ನಡೆಸಿ ಗುಂಡಿ ಒತ್ತಲು ಮರೆತರೆ "ಗಡಿಯಾರ" ಎಂದು ಹೇಳಲೇಬೇಕು. ಹೇಳದೆ ಅವನ ಸಮಯ ಸೋರಿಹೋಗಲು ಬಿಟ್ಟವನು ಎದ್ದು ಹೋಗಬೇಕು. ಈ ಕಾನೂನು ಮಾಡಿದ್ದು ಚಾಂಪಿಯನ್. ಅವನ ದೊಡ್ಡತನಕ್ಕೆ ಎಲ್ಲರೂ ತೋರಿಸುತ್ತಿದ್ದ ಸಾಕ್ಷಿಯೂ ಅದೇ.

ಚಾಂಪಿಯನ್ ಅಂದರೆ ಆ ಅಂಗಡಿಯ ಮಾಲೀಕ. ಐವತ್ತೆಂಟು ವಯಸ್ಸು, ಹಣೆ ಮೇಲಕ್ಕೆ ಸರಿದಿದೆ, ಮೀಸೆ ಮಾತ್ರ ಇನ್ನೂ ಹುರಿಯಾಗಿದೆ. ಯಾವ ಟೂರ್ನಮೆಂಟನ್ನೂ ಗೆದ್ದವನಲ್ಲ. ಹೆಸರು ಬಂದದ್ದು ಒಂದೇ ಒಂದು ಆಟದಿಂದ. ಮೂವತ್ನಾಲ್ಕು ವರ್ಷದ ಹಿಂದೆ, ತಗಡಿನ ಮಾಡಿನ ಒಂದು ಹಾಲ್‌ನಲ್ಲಿ, ಐದನೇ ಸುತ್ತಿನಲ್ಲಿ, ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ಅವನು ಸೋಲಿಸಿದ್ದ. ಆ ಹುಡುಗ ದೊಡ್ಡವನಾಗಿ ಎಲ್ಲೋ ಗುಮಾಸ್ತನಾಗಿದ್ದರೆ ಯಾರೂ ಅದನ್ನು ನೆನಪಿಡುತ್ತಿರಲಿಲ್ಲ. ಅವನು ಗ್ರ್ಯಾಂಡ್‌ಮಾಸ್ಟರ್ ಆದ, ಜಗತ್ತಿನ ಮೊದಲ ಹತ್ತು ಜನರಲ್ಲಿ ಒಬ್ಬನಾದ, ಈಗ ಆಡುವುದು ಬಿಟ್ಟು ದೊಡ್ಡ ದೊಡ್ಡ ಪಂದ್ಯಗಳಿಗೆ ವಿವರಣೆ ಕೊಡುತ್ತಾನೆ. ನಲವತ್ತೈದು ತುಂಬಿ ತಲೆ ಬೋಳಾದರೂ ಈ ಅಂಗಡಿಯಲ್ಲಿ ಅವನಿಗೆ "ನಮ್ಮ ಹುಡುಗ" ಎಂದೇ ಹೆಸರು. ಸೋಲಿಸಿದವನಿಗೆ ಇಷ್ಟಾದರೂ ಸಲಿಗೆ ಬೇಡವೇ?

ಆ ಆಟವನ್ನು ಚಾಂಪಿಯನ್ ಬೋರ್ಡಿನ ಮೇಲೆ ಎಷ್ಟು ಸಲ ಆಡಿ ತೋರಿಸಿದ್ದಾನೋ ಲೆಕ್ಕವಿಲ್ಲ. ಕನ್ನಡಕಕ್ಕೆ ಅಳತೆ ಕೊಡಲು ಬಂದವರೂ ನೋಡಿಹೋಗಿದ್ದಾರೆ. ಮೊದಮೊದಲು ಅದು ಮೂವತ್ತು ನಡೆಯ ಒಂದು ಮಂದ ಆಟವಾಗಿತ್ತು, ಹುಡುಗ ಕೊನೆಯಲ್ಲಿ ಒಂದು ಆನೆ ಕಳೆದುಕೊಳ್ಳುತ್ತಿದ್ದ. ವರ್ಷ ಕಳೆದಂತೆ ಆಟ ಚೆನ್ನಾಗುತ್ತ ಹೋಯಿತು. ಇತ್ತೀಚಿನ ಹತ್ತು ಹನ್ನೆರಡು ವರ್ಷಗಳಿಂದ ಚಾಂಪಿಯನ್ ಅದರಲ್ಲಿ ತನ್ನ ಮಂತ್ರಿಯನ್ನೇ ಬಲಿಕೊಟ್ಟು, ಎರಡು ಕುದುರೆಯಿಂದ ಹುಡುಗನ ರಾಜನನ್ನು ಹಿಡಿಯುತ್ತಿದ್ದ. ನಡೆ ಬರೆದಿಟ್ಟ ಕಾಗದ ಎಲ್ಲಿ ಎಂದು ಯಾರಾದರೂ ಕೇಳಿದರೆ, ಮನೆ ಬದಲಾಯಿಸುವಾಗ ಕಳೆದುಹೋಯಿತು ಎನ್ನುತ್ತಿದ್ದ. ಆಮೇಲೆ ಪಕ್ಕಕ್ಕೆ ಕೈ ತೋರಿಸುತ್ತಿದ್ದ. "ಇವನನ್ನೇ ಕೇಳಿ. ಪಕ್ಕದ ಬೋರ್ಡಲ್ಲೇ ಆಡ್ತಿದ್ದ."

ಪಕ್ಕದಲ್ಲಿ ಬೈಂಡರ್ ಇರುತ್ತಿದ್ದ. ಪುಸ್ತಕಕ್ಕೆ ರಟ್ಟು ಕಟ್ಟುವವನು, ಎರಡು ಅಂಗಡಿ ಆಚೆ ಅವನ ಕೆಲಸದ ಜಾಗ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಗೋಂದು, ಬಾಯಲ್ಲಿ ಮಾತು ಕಡಿಮೆ. ಚಾಂಪಿಯನ್ ಕೈ ತೋರಿಸಿದಾಗಲೆಲ್ಲ ತಲೆ ಆಡಿಸುತ್ತಿದ್ದ, ಅಷ್ಟೇ.

ಆವತ್ತು ವಿಶ್ವ ಪಟ್ಟದ ಪಂದ್ಯದ ಒಂಬತ್ತನೇ ಆಟ. ಬಿಲ್ ಬರೆಯುವ ಕಂಪ್ಯೂಟರನ್ನು ಚಾಂಪಿಯನ್‌ನ ಮಗಳು ಮೇಜಿನ ತುದಿಗೆ ತಂದು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದ್ದಳು. ಅಂಗಡಿಯ ಗಾಜಿನ ಕೆಲಸವೆಲ್ಲ ಅವಳದೇ. ಇಪ್ಪತ್ತೇಳು ವರ್ಷ. ಚೆಸ್ ಚೆನ್ನಾಗಿ ಬಲ್ಲಳು, ಆದರೆ ಇವರ ಜೊತೆ ಕೂತು ಆಡುತ್ತಿರಲಿಲ್ಲ. ಕೆಲಸದ ನಡುವೆ ನಿಂತು ನೋಡಿ, "ಮಾವ, ಒಂಟೆ ಹೋಯ್ತು" ಎಂದು ಬೈಂಡರಿಗೆ ಹೇಳಿ ಮತ್ತೆ ಯಂತ್ರದ ಕಡೆ ಹೋಗುತ್ತಿದ್ದಳು.

ಪಟ್ಟ ಇದ್ದವನು ಇಪ್ಪತ್ಮೂರನೇ ನಡೆಗೆ ಯೋಚಿಸಲು ಕೂತು ಆಗಲೇ ಅರ್ಧ ಗಂಟೆ ಆಗಿತ್ತು. ಪರದೆಯ ಎಡಗಡೆ ಬಿಳಿ ಕಪ್ಪು ಪಟ್ಟಿ, ಯಾರು ಮುಂದಿದ್ದಾರೆ ಎಂದು ಯಂತ್ರ ಹೇಳುವ ಲೆಕ್ಕ. ಬಲಗಡೆ ನೋಡುವವರು ಬರೆಯುವ ಮಾತುಗಳು ಒಂದರ ಮೇಲೊಂದು ಸರಿಯುತ್ತಿದ್ದವು. ಡ್ರೈವರ್ ಬೋರ್ಡನ್ನು ನೋಡುತ್ತಲೇ ಇರಲಿಲ್ಲ. ಪಟ್ಟಿ ನೋಡಿಯೇ ಅವನು ಪಂಡಿತ.

"ಕಪ್ಪು ಏರ್ತಾ ಇದೆ ಅಣ್ಣ. ಈತನ ಕಥೆ ಮುಗೀತು."

"ಒಂಟೆ ಹಿಂದಕ್ಕೆ ಬಂದ್ರೆ ಏನೂ ಮುಗಿಯಲ್ಲ," ಎಂದ ಚಾಂಪಿಯನ್.

ಮರುಕ್ಷಣವೇ ಪರದೆಯಲ್ಲಿ ನಮ್ಮ ಹುಡುಗ ಅದನ್ನೇ ಹೇಳಿದ. ಒಂಟೆಯನ್ನು ಹಿಂದಕ್ಕೆ ತಂದರೆ ಕೋಟೆ ಗಟ್ಟಿಯಾಗುತ್ತದೆ ಎಂದು ಬಾಣದ ಗುರುತು ಎಳೆದು ತೋರಿಸಿದ. ಚಾಂಪಿಯನ್ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ನೋಡಿದ್ರಾ? ಅವನ ತಲೆ, ನನ್ನ ತಲೆ ಒಂದೇ ದಾರೀಲಿ ಹೋಗುತ್ತೆ." ಡ್ರೈವರ್ ಕೈ ಮುಗಿದ ಹಾಗೆ ಮಾಡಿ ಕಾಲೆಳೆದ. ಚಾಂಪಿಯನ್‌ಗೆ ಅದೂ ಹಿತವಾಗಿಯೇ ಇತ್ತು.

ಆಟ ಮುಂದೆ ಹೋಗುವ ಲಕ್ಷಣ ಕಾಣಲಿಲ್ಲ. ವಿವರಣೆ ಕೊಡುವವರಿಗೂ ಹೇಳಲು ಏನೂ ಉಳಿದಿರಲಿಲ್ಲ. ಜೊತೆಗಿದ್ದ ಹೆಂಗಸು ಹೊತ್ತು ಕಳೆಯಲೆಂದು ಕೇಳಿದಳು. "ನಿಮಗೆ ಇವತ್ತಿಗೂ ಮರೆಯೋಕಾಗದ ಸೋಲು ಯಾವುದು?"

ಡ್ರೈವರ್ ಹಾರಿ ಹೋಗಿ ಸದ್ದು ಜೋರು ಮಾಡಿದ. "ಅಣ್ಣ, ಈಗ ನೋಡಿ. ನಿಮ್ಮ ಹೆಸರೇ ಬರೋದು."

"ಬಿಡಯ್ಯ. ಅವನು ಎಷ್ಟೋ ಜನರ ಹತ್ರ ಸೋತಿದ್ದಾನೆ," ಎಂದ ಚಾಂಪಿಯನ್. ಹಾಗೆನ್ನುತ್ತ ಬೆನ್ನು ನೆಟ್ಟಗೆ ಮಾಡಿ ಕೂತ. ಅವನಿಗೆ ಭಯವಾಗಲಿಲ್ಲ ಎಂಬುದೇ ವಿಚಿತ್ರ. ಇಷ್ಟು ವರ್ಷ ಹೇಳಿ ಹೇಳಿ, ಮಂತ್ರಿ ಕೊಟ್ಟು ಗೆದ್ದದ್ದು ಅವನ ಮಟ್ಟಿಗೆ ನಡೆದೇಹೋಗಿತ್ತು.

ಪರದೆಯ ಮೇಲೆ ನಮ್ಮ ಹುಡುಗ ನಕ್ಕ. "ಅದು ದೊಡ್ಡ ಪಂದ್ಯ ಏನಲ್ಲ. ನನಗಾಗ ಹನ್ನೊಂದು ವರ್ಷ. ತಗಡಿನ ಮಾಡಿನ ಒಂದು ಹಾಲ್, ಐದನೇ ಸುತ್ತು. ಎದುರಿಗೆ ಮೀಸೆ ಇದ್ದ ಒಬ್ಬ ದೊಡ್ಡ ಮನುಷ್ಯ. ಆಟ ಪೂರ್ತಿ ನನ್ನ ಕೈಲಿತ್ತು, ಮೂರು ನಡೇಲಿ ಮೇಟ್. ನಡೆ ಆಡಿದೆ, ಕಾಗದದಲ್ಲಿ ಬರೆದೆ, ಗುಂಡಿ ಒತ್ತೋದು ಮರೆತೆ. ನನ್ನ ಗಡಿಯಾರದಲ್ಲಿ ಇಪ್ಪತ್ತೆರಡು ನಿಮಿಷ ಇತ್ತು."

"ಅಯ್ಯೋ," ಎಂದಳು ಜೊತೆಗಿದ್ದವಳು.

"ಅವರು ಗಡಿಯಾರ ನೋಡಿದ್ರು. ನೋಡಿದ್ದು ನನಗೆ ಕಾಣಿಸ್ತು, ಆದ್ರೆ ಅರ್ಥ ಆಗಲಿಲ್ಲ. ಆಮೇಲೆ ಎರಡೂ ಕೈ ಹಣೆಗೆ ಕೊಟ್ಟುಕೊಂಡು ಬೋರ್ಡನ್ನೇ ನೋಡ್ತಾ ಕೂತ್ರು. ಆಗಾಗ ತಲೆ ಅಲ್ಲಾಡಿಸೋರು, ನಿಟ್ಟುಸಿರು ಬಿಡೋರು. ಪೂರಾ ಇಪ್ಪತ್ತೆರಡು ನಿಮಿಷ. ನಾನು, ಪಾಪ ಇವರು ಸೋಲ್ತಾ ಇದಾರಲ್ಲ, ಎಷ್ಟು ಕಷ್ಟ ಆಗ್ತಿದೆಯೋ ಅಂತ ಅಂದ್ಕೊಂಡೆ. ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಕುಡಿದ್ರು. ಥ್ಯಾಂಕ್ಸ್ ಅಂದ್ರು. ಸ್ವಲ್ಪ ಹೊತ್ತಿಗೆ ನನ್ನ ಟೈಮ್ ಮುಗೀತು."

"ಆಮೇಲೆ?"

"ಆಮೇಲೇನು, ಅತ್ಬಿಟ್ಟೆ. ಅವರು ಎದ್ದು ಕೈ ಕೊಟ್ಟು ಹೋದ್ರು." ನಮ್ಮ ಹುಡುಗ ತಲೆ ಸವರಿಕೊಂಡ. "ಈಗ ಕೋಪ ಏನಿಲ್ಲ. ಗುಂಡಿ ಒತ್ತೋದು ಆಮೇಲೆ ಒಂದು ದಿನಾನೂ ಮರೀಲಿಲ್ಲ. ಯಾರಿಗಾದ್ರೂ ನೀರು ತಂದುಕೊಡೋಕೆ ಮಾತ್ರ ತುಂಬ ವರ್ಷ ಮನಸ್ಸು ಬರ್ತಿರಲಿಲ್ಲ."

ಡ್ರೈವರ್ ತೊಡೆ ತಟ್ಟಿ ನಕ್ಕ. "ಎಂಥಾ ಕಚಡಾ ಮನುಷ್ಯ ಇರ್ಬೇಕು ನೋಡಿ ಅವನು. ಮಗು ಕೈಯಿಂದ ಟೈಮೂ ಹೊಡೆದ, ನೀರೂ ಕುಡಿದ. ನಮ್ಮ ಕೋಣೇಲಿ ಹಾಗೆ ಮಾಡಿದ್ರೆ ಕತ್ತು ಹಿಡಿದು ಆಚೆ ಹಾಕ್ತಿದ್ರಿ ನೀವು, ಅಲ್ವಾ ಅಣ್ಣ?"

ಚಾಂಪಿಯನ್ ನಗಲಿಲ್ಲ. ಡ್ರೈವರ್ ಬೈಂಡರನ್ನು ನೋಡಿದ, ಅವನು ಹೆಬ್ಬೆರಳಿನ ಗೋಂದು ಕೆರೆಯುತ್ತಿದ್ದ. ಮಗಳನ್ನು ನೋಡಿದ, ಅವಳು ಯಂತ್ರದ ಪಕ್ಕ ನಿಂತು ತಲೆ ತಗ್ಗಿಸಿ ತನ್ನ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು. ಮೂವರೂ ಬಾಯಿ ಬಿಡದಿದ್ದದ್ದು ನೋಡಿ ಅವನ ತಲೆ ನಿಧಾನಕ್ಕೆ ಓಡಲು ಶುರುವಾಯಿತು. ಕೆಟ್ಟವನಲ್ಲ ಅವನು. ಗೊತ್ತಾಗಬಾರದು ಎಂದು ಅವನೂ ಬಯಸಿದ್ದಿರಬಹುದು. ಆದರೆ ಬಾಯಿ ಆಗಲೇ ತೆರೆದಿತ್ತು.

"ಐದನೇ ಸುತ್ತು ಅಂದ. ನಿಮ್ಮದೂ ಐದನೇ ಸುತ್ತೇ ಅಲ್ವಾ ಅಣ್ಣ?"

"ಅವನಿಗೆ ನೆನಪು ಕಲಸಿಹೋಗಿದೆ," ಎಂದ ಚಾಂಪಿಯನ್. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. "ಸಾವಿರ ಆಟ ಆಡಿದಾನೆ, ಯಾವುದನ್ನೋ ಯಾವುದಕ್ಕೋ ಸೇರಿಸಿ ಹೇಳ್ತಾ ಇದ್ದಾನೆ. ಇಲ್ಲಾಂದ್ರೆ ಸುಳ್ಳೇ ಹೇಳ್ತಾ ಇರ್ಬಹುದು. ಅಂಗಡಿಯವನ ಕೈಲಿ ಮಂತ್ರಿ ಬಲಿ ತಿಂದು ಸೋತೆ ಅಂತ ಜಗತ್ತಿನ ಮುಂದೆ ಯಾರು ಹೇಳ್ಕೋತಾರೆ? ಮರ್ಯಾದೆ ಪ್ರಶ್ನೆ."

ಅವನು ಬೈಂಡರನ ಕಡೆ ತಿರುಗಿದ. ಮೂವತ್ನಾಲ್ಕು ವರ್ಷ ಕೈ ತೋರಿಸಿದ್ದವನು ಈಗ ಮೊದಲ ಸಲ ಬಾಯಿಬಿಟ್ಟು ಕೇಳಿದ. "ನೀನು ಪಕ್ಕದಲ್ಲೇ ಇದ್ದೆಯಲ್ಲ. ಹೇಳು ಇವರಿಗೆ."

ಬೈಂಡರ್ ತಲೆ ಎತ್ತಲಿಲ್ಲ. "ಹೌದು. ಮಂತ್ರಿ ಕೊಟ್ಟ. ಎರಡು ಕುದುರೇಲಿ ಮೇಟ್ ಮಾಡಿದ. ನಾನು ನೋಡಿದೀನಿ."

ತಡವರಿಸಲಿಲ್ಲ, ಯೋಚಿಸಲೂ ಇಲ್ಲ, ಯಾರೋ ವಿಳಾಸ ಕೇಳಿದ್ದಕ್ಕೆ ಹೇಳಿದಂತೆ ಹೇಳಿದ. ಚಾಂಪಿಯನ್‌ಗೆ ಜೀವ ಬರಬೇಕಿತ್ತು. ಬರಲಿಲ್ಲ. ಪರದೆಯ ಮೇಲಿನ ಮಾತು ಕೇಳಿ ಬೈಂಡರಿಗೆ ಆಶ್ಚರ್ಯವೇ ಆಗಿರಲಿಲ್ಲ. ಆಶ್ಚರ್ಯವಾಗದವನಿಗೆ ಮೊದಲೇ ಗೊತ್ತಿತ್ತು ಎಂದೇ ಅರ್ಥ. ಆವತ್ತೇ ಗೊತ್ತಿತ್ತು. ಅಂದರೆ ಮೂವತ್ತು ನಡೆಯ ಮಂದ ಆಟಕ್ಕೆ ತಲೆ ಆಡಿಸಿದವನು, ಮಂತ್ರಿ ಬಲಿಗೂ ತಲೆ ಆಡಿಸಿದವನು, ಪ್ರತಿ ಸಲವೂ ಪಕ್ಕದಲ್ಲಿ ಕೂತು ಇವನ ಸುಳ್ಳು ದಪ್ಪವಾಗುತ್ತ ಹೋದದ್ದನ್ನು ನೋಡುತ್ತಿದ್ದ.

ಆಗ ಮಗಳು ಮೊಬೈಲನ್ನು ಪಕ್ಕಕ್ಕಿಟ್ಟಳು.

"ಅಪ್ಪ," ಎಂದಳು. "ನೀರು ಕುಡಿದ್ರಾ?"

"ಬಾಯಾರಿತ್ತು," ಎಂದುಬಿಟ್ಟ ಚಾಂಪಿಯನ್.

ಹೇಳಿದ ಮೇಲೆಯೇ ತಾನು ಹೇಳಿದ್ದು ಅವನಿಗೆ ಕೇಳಿಸಿದ್ದು. ಬೇರೆ ಏನು ಕೇಳಿದ್ದರೂ ಅವನ ಬಳಿ ಉತ್ತರವಿತ್ತು. ಗಡಿಯಾರದ ಬಗ್ಗೆ, ಮಂತ್ರಿಯ ಬಗ್ಗೆ, ಕಳೆದುಹೋದ ಕಾಗದದ ಬಗ್ಗೆ ಎಷ್ಟೋ ವರ್ಷ ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದ. ನೀರಿನ ಬಗ್ಗೆ ಮಾತ್ರ ಯಾರೂ ಕೇಳಬಹುದೆಂದು ಅವನು ಎಣಿಸಿರಲಿಲ್ಲ.

ಡ್ರೈವರ್ ಎದ್ದ. ಮೂರೂವರೆಗೆ ಅವನ ಬಸ್ಸು. ಇನ್ನೂ ಹೊತ್ತಿದ್ದರೂ ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಂಡ, ಜೇಬು ಮುಟ್ಟಿ ನೋಡಿಕೊಂಡ, ಏನಾದರೂ ತಮಾಷೆ ಹೇಳಿ ಹೊರಡೋಣವೆಂದು ಹುಡುಕಿದಂತೆ ಕಂಡಿತು. ಸಿಗಲಿಲ್ಲ. ದಿನಾ "ಬರ್ತೀನಿ ಚಾಂಪಿಯನ್" ಎಂದು ಕೂಗಿ ಹೋಗುತ್ತಿದ್ದವನು, "ಬರ್ತೀನಿ ಸಾರ್" ಎಂದು ಬಗ್ಗಿ ಷಟರಿನ ಕೆಳಗೆ ನುಸುಳಿ ಹೋದ.

ಆ 'ಸಾರ್' ಚಾಂಪಿಯನ್‌ಗೆ ಕೆನ್ನೆಗೆ ಬಾರಿಸಿದಂತೆ ಇತ್ತು. ಡ್ರೈವರನ ಮೇಲೆ ತೋರಿಸಲಾಗದ ಸಿಟ್ಟು ಬೈಂಡರನ ಕಡೆ ತಿರುಗಿತು.

"ಗೊತ್ತಿತ್ತಲ್ಲ ನಿನಗೆ."

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ತಲೆ ಆಡಿಸ್ತಿದ್ದೆ? ಒಳಗೊಳಗೇ ನಗೋಕಾ?"

"ನಗೋಕಲ್ಲಪ್ಪ." ಬೈಂಡರ್ ಬೋರ್ಡಿನ ಮೇಲಿದ್ದ ಕಾಯಿಗಳನ್ನು ನೋಡುತ್ತಲೇ ಹೇಳಿದ. "ಗಡಿಯಾರ ಓಡ್ತಾ ಇರೋದು ನನಗೂ ಕಾಣಿಸ್ತಿತ್ತು. ಬೇರೆಯವರ ಆಟದಲ್ಲಿ ಬಾಯಿ ಹಾಕಬಾರ್ದು ಅಂತ ರೂಲಿದೆ ಅಂದ್ಕೊಂಡು ಸುಮ್ನೆ ಕೂತೆ. ಆ ಹುಡುಗ ನೀರು ತರೋಕೆ ನನ್ನ ಪಕ್ಕದಲ್ಲೇ ಹೋದ. ಅಂಗಿ ತುದಿ ಹಿಡಿದು ನಿಲ್ಲಿಸಬಹುದಿತ್ತು. ನಿನ್ನ ಮುಖ ನೋಡಿ ನಿಲ್ಲಿಸಲಿಲ್ಲ. ಆಮೇಲೆ ನೀನು ಕಥೆ ಹೇಳೋಕೆ ಶುರು ಮಾಡಿದೆ. ಅದು ನಿಜ ಆದ್ರೆ ನಾನೂ ಏನೂ ನೋಡಿಲ್ಲ ಅಂತ ಆಗುತ್ತಲ್ಲ, ಅದಕ್ಕೆ ತಲೆ ಆಡಿಸಿದೆ."

ಇದಕ್ಕಿಂತ ಅವನು ನಕ್ಕಿದ್ದರೆ ಚೆನ್ನಾಗಿತ್ತು. ನಕ್ಕವನನ್ನು ಬೈಯಬಹುದು. ಇವನು ಬಂದು ಪಕ್ಕದಲ್ಲೇ ಪಾಲುದಾರನ ಹಾಗೆ ಕೂತುಬಿಟ್ಟಿದ್ದ. ಒಬ್ಬನೇ ಮಾಡಿದ ತಪ್ಪಿನಲ್ಲಿಯೂ ಒಬ್ಬನೇ ಇರಲು ಬಿಡದ ಈ ಗೆಳೆತನ ಚಾಂಪಿಯನ್‌ಗೆ ಆ ಗಳಿಗೆಯಲ್ಲಿ ಸಹಿಸಲಾಗಲಿಲ್ಲ.

"ನಾಳೆ ಬರ್ಲಾ?" ಎಂದು ಕೇಳಿದ ಬೈಂಡರ್.

"ಬರಬೇಡ."

"ಸರಿ." ಬೈಂಡರ್ ಎದ್ದು, ಉರುಳಿದ್ದ ಎರಡು ಕಾಲಾಳುಗಳನ್ನು ನಿಲ್ಲಿಸಿಟ್ಟು, "ಬರ್ತೀನಮ್ಮ" ಎಂದು ಮಗಳಿಗೆ ಹೇಳಿ ಹೋದ. ಅವನು ಬಗ್ಗಿ ಆಚೆ ಹೋಗುವಾಗ ಮೊಣಕಾಲು ಲಟಕ್ಕೆಂದದ್ದು ಒಳಗಿನವರೆಗೂ ಕೇಳಿಸಿತು.

ಮಗಳು ಯಂತ್ರ ಹಾಕಿದಳು. ಗಾಜು ಉಜ್ಜುವ ಸದ್ದು ಕೋಣೆ ತುಂಬಿತು. ಚಾಂಪಿಯನ್ ಅವಳ ಬೆನ್ನನ್ನೇ ನೋಡುತ್ತ ಕೂತ. ಅವಳು ಏನನ್ನು ನೆನೆಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು, ಅವನೂ ಅದನ್ನೇ ನೆನೆಯುತ್ತಿದ್ದ.

ಅವಳಿಗೆ ಹದಿಮೂರು ವರ್ಷ ಆಗಿದ್ದಾಗ ಒಂದು ಟೂರ್ನಮೆಂಟಿನಲ್ಲಿ ಆರು ಸುತ್ತು ಮುಗಿದು ಅವಳೇ ಮುಂದಿದ್ದಳು. ಆರನೇ ಸುತ್ತಿನಲ್ಲಿ ಎದುರಿನ ಹುಡುಗಿ ಗುಂಡಿ ಒತ್ತಲು ಮರೆತಿದ್ದಳು, ಇವಳು ಸುಮ್ಮನಿದ್ದು ಸಮಯದ ಮೇಲೆ ಗೆದ್ದಿದ್ದಳು. ಅದನ್ನು ಅವಳೇ ಬಂದು ನಗುನಗುತ್ತ ಅಪ್ಪನಿಗೆ ಹೇಳಿದ್ದಳು. ಅಪ್ಪ ಅವಳ ರಟ್ಟೆ ಹಿಡಿದು ತೀರ್ಪುಗಾರರ ಮೇಜಿಗೆ ಎಳೆದುಕೊಂಡು ಹೋಗಿ, ಈ ಗೆಲುವು ನಮಗೆ ಬೇಡ ಎಂದಿದ್ದ. ಫಲಿತಾಂಶ ಬದಲಾಗುವುದಿಲ್ಲ ಎಂದು ಅವರು ಹೇಳಿದಾಗ, ಎಲ್ಲರ ಮುಂದೆ ಆ ಹುಡುಗಿಯ ಬಳಿ ಕ್ಷಮೆ ಕೇಳಿಸಿದ್ದ. ಏಳನೇ ಸುತ್ತಿಗೆ ಅವಳನ್ನು ಕೂರಿಸಲಿಲ್ಲ, ಮನೆಗೆ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಅವಳು ಅತ್ತಿದ್ದಳು. ಅದಾದ ಮೇಲೆ ಅವಳು ಯಾವ ಟೂರ್ನಮೆಂಟಿಗೂ ಹೋಗಲಿಲ್ಲ. ಈ ಕಥೆಯನ್ನೂ ಚಾಂಪಿಯನ್ ಅಂಗಡಿಗೆ ಬಂದವರಿಗೆ ಹೆಮ್ಮೆಯಿಂದ ಹೇಳುವುದಿತ್ತು, ಅವಳು ಅಲ್ಲೇ ನಿಂತಿರುವಾಗಲೂ.

ಯಂತ್ರ ನಿಂತಿತು. ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

"ಅವಳ ಹತ್ರ ನಲವತ್ತು ಸೆಕೆಂಡ್ ಇತ್ತು," ಎಂದಳು. "ನಾನು ಸುಮ್ನಿದ್ದಿದ್ದು ನಲವತ್ತು ಸೆಕೆಂಡ್ ಅಷ್ಟೇ ಅಪ್ಪ."

"ನೀನು ನನ್ನ ಹಾಗೆ ಆಗಬಾರದು ಅಂತ ಮಾಡಿದೆ ಕಣಮ್ಮ."

"ಹಾಗಂತ ನೀವು ಹೇಳ್ಲಿಲ್ಲ. ನನ್ನ ಹಾಗೆ ಆಗು ಅಂತ ಹೇಳಿದ್ರಿ."

ಅವಳು ಅಳುತ್ತಿರಲಿಲ್ಲ, ಕೂಗಾಡುತ್ತಲೂ ಇರಲಿಲ್ಲ. ಗಾಜನ್ನು ಬಟ್ಟೆಯಿಂದ ಒರೆಸಿ, ಫ್ರೇಮಿನೊಳಗೆ ಕೂರಿಸಿ, ಸಣ್ಣ ಸ್ಕ್ರೂ ತಿರುಗಿಸುತ್ತಿದ್ದಳು. ಹದಿನಾಲ್ಕು ವರ್ಷದ ಹಿಂದೆ ದಾರಿಯಲ್ಲಿ ಅತ್ತ ಮಗಳ ಅಳುವನ್ನು ನಿಲ್ಲಿಸುವುದಾದರೂ ಸುಲಭವಿತ್ತು. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಬೇರೆಲ್ಲಿಯೂ ನೋಡಲಾಗದೆ ಪರದೆಯನ್ನು ನೋಡಿದ.

ಪಟ್ಟ ಇದ್ದವನು ಇನ್ನೂ ಯೋಚಿಸುತ್ತಲೇ ಇದ್ದ. ಬಲಗಡೆಯ ಮಾತುಗಳು ಇನ್ನೂ ಸರಿಯುತ್ತಿದ್ದವು. ಎಲ್ಲೆಲ್ಲಿಯದೋ ಜನ, ಹೆಸರೇ ಅಲ್ಲದ ಹೆಸರುಗಳು. ಅವರೆಲ್ಲ ಮೀಸೆಯ ಮನುಷ್ಯನ ಬಗ್ಗೆಯೇ ಬರೆಯುತ್ತಿದ್ದರು. ಅಂಥವನು ಈಗ ಬದುಕಿದ್ದರೆ ಮುಖ ಮುಚ್ಚಿಕೊಂಡು ಓಡಾಡಬೇಕು ಎಂದು ಒಬ್ಬ. ನೀರಿನಲ್ಲಿ ವಿಷ ಬೆರೆಸಿ ಕೊಡಬೇಕಿತ್ತು ಎಂದು ಇನ್ನೊಬ್ಬ, ಅದಕ್ಕೆ ನಗುವ ಮುಖಗಳು. ಅವನ ಮಕ್ಕಳ ಗತಿ ನೆನೆಸಿಕೊಂಡರೆ ಪಾಪ ಅನಿಸುತ್ತದೆ ಎಂದು ಮತ್ತೊಬ್ಬ. ಚಾಂಪಿಯನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದನ್ನೂ ಬಿಡದೆ ಓದಿದ. ಮೌಸ್ ಹಿಡಿದು ಮೇಲಕ್ಕೆ ಹೋಗಿ ಹಳೆಯವನ್ನೂ ಓದಿದ.

"ಸಾಕು ಅಪ್ಪ. ಮುಚ್ಚಿ ಅದನ್ನ."

"ಇರು."

ಹಾಗೆ ಮೇಲೆ ಹೋಗುತ್ತಿರುವಾಗ ಒಂದು ಸಾಲು ಸಿಕ್ಕಿತು. 'ಎದುರಿನವನಿಗೆ ನೆನಪಿಸಬೇಕು ಅಂತ ಯಾವ ರೂಲೂ ಇಲ್ಲ. ಆ ಮನುಷ್ಯನ ಕಷ್ಟ ಏನಿತ್ತೋ ಯಾರಿಗೆ ಗೊತ್ತು. ಅವರಿಗೂ ಆವತ್ತು ಚಿಕ್ಕ ವಯಸ್ಸೇ.' ಅಷ್ಟೇ. ನೂರಾರು ಸಾಲುಗಳ ನಡುವೆ ಒಂದು. ಚಾಂಪಿಯನ್ ಅದನ್ನು ಎರಡು ಸಲ ಓದುವುದರೊಳಗೆ ಪರದೆ ತಾನಾಗಿಯೇ ಕೆಳಕ್ಕೆ ಜಾರಿ ಹೊಸ ಬೈಗುಳಗಳ ಬಳಿ ಬಂದು ನಿಂತಿತು. ಮತ್ತೆ ಮೇಲಕ್ಕೆ ಹೋದ. ಸಿಗಲಿಲ್ಲ. ಇನ್ನಷ್ಟು ಮೇಲಕ್ಕೆ ಹೋದ.

ಎಲ್ಲೋ ಯಾವನೋ ಒಬ್ಬ ತನ್ನನ್ನು ಅರ್ಥ ಮಾಡಿಕೊಂಡಿದ್ದಾನೆ ಎಂಬುದು ಆ ಹೊತ್ತಿಗೆ ಅವನಿಗೆ ದೊಡ್ಡ ಆಸರೆಯಾಗಿತ್ತು. ಮುಖ ಕಂಡಿಲ್ಲದ, ಯಾವ ಸಂಬಂಧವೂ ಇಲ್ಲದ, ತನ್ನಿಂದ ಏನೂ ಆಗಬೇಕಿಲ್ಲದ ಒಬ್ಬ. ಅಂಥವನ ಮಾತಿಗೆ ಬೆಲೆ ಇದೆ. ಮಗಳಿಗೆ ಅದನ್ನು ತೋರಿಸಬೇಕು ಅನ್ನಿಸಿತು. ತೋರಿಸಿದರೆ ಅವಳೂ ಸ್ವಲ್ಪ ಮೆತ್ತಗಾಗಬಹುದು.

"ಇಲ್ಲಿ ಬಾ," ಎಂದ. "ಆಗ ಒಬ್ಬ ಬರೆದಿದ್ದ. ಎಲ್ಲಾ ಬೈಯೋರೇ ಅಲ್ಲ. ತಿಳಿದವನು ಯಾರೋ. ಹುಡುಕಿಕೊಡು ಅದನ್ನ."

"ಯಾವುದು?"

"ನೆನಪಿಸಬೇಕು ಅಂತ ರೂಲಿಲ್ಲ ಅಂತ. ನನಗೂ ಆವತ್ತು ಚಿಕ್ಕ ವಯಸ್ಸೇ ಅಂತ."

ಮಗಳು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದಳು. ಕನ್ನಡಕವನ್ನು ಮಡಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಅದು ನಾನೇ ಬರೆದಿದ್ದು ಅಪ್ಪ."

ಚಾಂಪಿಯನ್ ತಿರುಗಿ ಅವಳನ್ನು ನೋಡಿದ.

"ಅವರು ತಗಡಿನ ಮಾಡು ಅಂದಾಗ್ಲೇ ಗೊತ್ತಾಯ್ತು ನನಗೆ," ಎಂದಳು ಅವಳು. "ಯಾರಾದ್ರೂ ಒಬ್ರು ಬರೀಬೇಕಿತ್ತಲ್ಲ."

"ನಿನಗೆ ಹಾಗೆ ಅನ್ನಿಸುತ್ತಾ? ಬರೆದಿದ್ದೀಯಲ್ಲ, ಹಾಗೆ?"

ಅವಳು ಕನ್ನಡಕದ ಡಬ್ಬಿಯನ್ನು ಕೈಗೆತ್ತಿಕೊಂಡಳು. ನಾಲ್ಕು ಗಂಟೆಯಾಗಿತ್ತು. ಮುಂದಿನ ಕೋಣೆಗೆ ಹೋಗಿ ಷಟರನ್ನು ಮೇಲಕ್ಕೆ ತಳ್ಳಿದಳು. ಆಚೆ ಕಾಯುತ್ತಿದ್ದ ಯಾರಿಗೋ, "ಬನ್ನಿ, ರೆಡಿ ಇದೆ. ಹಾಕಿ ನೋಡಿ, ಮೂಗಿನ ಮೇಲೆ ಬಿಗಿ ಆಗುತ್ತಾ ಹೇಳಿ" ಎನ್ನುವುದು ಕೇಳಿಸಿತು. ದಿನದ ದನಿಯೇ ಆಗಿತ್ತು ಅದು.

ಒಳಗೆ ಚಾಂಪಿಯನ್ ತನ್ನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದಿಲ್ಲದೆ ಪರದೆಯ ಅಕ್ಷರಗಳೆಲ್ಲ ಕರಗಿ, ಯಾರು ಏನು ಬರೆದಿದ್ದಾರೆಂದು ತಿಳಿಯದ ಒಂದು ಬಿಳಿ ಬೆಳಕು ಮಾತ್ರ ಉಳಿಯಿತು. ಅದು ನಿಲ್ಲದೆ ಮೇಲಕ್ಕೆ ಸರಿಯುತ್ತಿತ್ತು.